ಕನ್ನಡದ ಸಾಕ್ಷಿ, ಇಂಗ್ಲಿಷಿನ ಹೇಳಿಕೆ

(ಕನ್ನಡ ಯುವಕ ಯುವತಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೋರ್ಟಿನಲ್ಲಿ ಕನ್ನಡ ಎಂದ ಕೂಡಲೇ ನಮ್ಮೆಲ್ಲರ ಕಣ್ಣು ಅಠಾರ ಕಚೇರಿಯ ಕೆಂಪು ಕಟ್ಟಡದ ಕಡೆ ಹೊರಳುತ್ತದೆ. ಹೈಕೋರ್ಟಿನಲ್ಲಿ ಕನ್ನಡ ಯಾಕಿಲ್ಲ ಎಂದು ಕೇಳುತ್ತೇವೆ. ನ್ಯಾಯವಾದ ಪ್ರಶ್ನೆಯೇ. ಸಂವಿಧಾನದ 348ನೇ ವಿಧಿ ಅಲ್ಲಿ ಇಂಗ್ಲಿಷನ್ನು ಕೂರಿಸಿದೆ. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯಪಾಲರು ಹಿಂದಿಗೋ ರಾಜ್ಯದ ಭಾಷೆಗೋ ಅವಕಾಶ ಕೊಡಬಹುದು ಎಂಬ ಮಾತೂ ಅದೇ ವಿಧಿಯಲ್ಲಿದೆ. ಆ ದಾರಿಯಲ್ಲಿ ರಾಜಸ್ಥಾನಕ್ಕೆ 1950ರಲ್ಲಿ, ಉತ್ತರ ಪ್ರದೇಶಕ್ಕೆ 1969ರಲ್ಲಿ, ಮಧ್ಯಪ್ರದೇಶಕ್ಕೆ 1971ರಲ್ಲಿ, ಬಿಹಾರಕ್ಕೆ 1972ರಲ್ಲಿ ಹಿಂದಿ ಸಿಕ್ಕಿತು. ಕರ್ನಾಟಕ, ತಮಿಳುನಾಡು, ಬಂಗಾಳ, ಗುಜರಾತ್, ಛತ್ತೀಸಗಢ ಕೇಳಿದ್ದಕ್ಕೆ 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೆಲ್ಲ ಸೇರಿದ ಸಭೆ ಆಗದು ಎಂದಿತು. ಮೊದಲು ಹೋದ ನಾಲ್ಕು ರಾಜ್ಯಗಳಿಗೆ ತೆರೆದ ಬಾಗಿಲು ಆಮೇಲೆ ಹೋದ ನಮಗೆ ಮುಚ್ಚಿತು!

ಆ ಬಾಗಿಲನ್ನು ಬಡಿಯುತ್ತಲೇ ಇರೋಣ. ಅದರ ಕೀಲಿ ದೆಹಲಿಯಲ್ಲಿದೆ. ಆದರೆ ಕೆಳಗಿನ ಕೋರ್ಟುಗಳ ಬಾಗಿಲಿಗೆ ಬೀಗವೇ ಇಲ್ಲ. ಅಲ್ಲಿ ಕನ್ನಡ ಕೋರ್ಟಿನ ಭಾಷೆ. ಅಲ್ಲಿಗೆ ನಾವು ಹೋಗಿದ್ದೇವೆಯೇ? ಇದು ನನ್ನ ಪ್ರಶ್ನೆ. ಯಾಕೆಂದರೆ ನಾನು ಅಲ್ಲಿ ಸಾಕ್ಷಿಯ ಹೇಳಿಕೆ ಬೆರಳಚ್ಚು ಮಾಡಿ ಅನ್ನ ತಿನ್ನುವ ಮನುಷ್ಯ. ಸರ್ಕಾರಿ ನೌಕರಿಯಲ್ಲ. ಕರೆದರೆ ಹೋಗಬೇಕು, ಕರೆಯದಿದ್ದರೆ ಮನೆಯಲ್ಲಿರಬೇಕು.

ಈ ಕೆಲಸ ಎಲ್ಲಿಂದ ಬಂತು ಅಂತ ಮೊದಲು ಹೇಳುತ್ತೇನೆ. ಸಿವಿಲ್ ದಾವೆಯಲ್ಲಿ ಹಿಂದೆ ಸಾಕ್ಷಿಯ ಮಾತನ್ನೆಲ್ಲ ನ್ಯಾಯಾಧೀಶರ ಎದುರಿಗೇ ಬರೆದುಕೊಳ್ಳುತ್ತಿದ್ದರು. 2002ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಬಂದ ತಿದ್ದುಪಡಿ ಅದನ್ನು ಬದಲಾಯಿಸಿತು. ಮುಖ್ಯ ವಿಚಾರಣೆ ಈಗ ಅಫಿಡವಿಟ್ಟಿನಲ್ಲಿ. ಪಾಟೀ ಸವಾಲನ್ನು ಕೋರ್ಟು ತಾನೇ ನಡೆಸಬಹುದು, ಇಲ್ಲವೇ ಒಬ್ಬ ಕಮಿಷನರನ್ನು ನೇಮಿಸಬಹುದು. ಸಾಮಾನ್ಯವಾಗಿ ಒಬ್ಬ ವಕೀಲರೇ ಕಮಿಷನರ್ ಆಗುತ್ತಾರೆ. ಕೋರ್ಟಿನ ಬೆರಳಚ್ಚುಗಾರರು ಅವರ ಕೈಗೆ ಸಿಗುವುದಿಲ್ಲ. ಆಗ ನಮ್ಮಂಥವರಿಗೆ ಫೋನು ಬರುತ್ತದೆ: "ನಾಳೆ ಹನ್ನೊಂದಕ್ಕೆ ಬನ್ನಿ." ಲ್ಯಾಪ್‌ಟಾಪ್ ನಮ್ಮದು, ಬಸ್ ಚಾರ್ಜೂ ನಮ್ಮದು. ಕೂಲಿ ಪುಟದ ಲೆಕ್ಕ. ಸಾಕ್ಷಿ ಬರಲಿಲ್ಲ, ವಕೀಲರು ವಾಯಿದೆ ಕೇಳಿದರು ಎಂದರೆ ಆ ದಿನ ಪುಟವೂ ಇಲ್ಲ, ಕಾಸೂ ಇಲ್ಲ.

ಅಮೆರಿಕದಲ್ಲೂ ಹೀಗೆ ಕರೆದಾಗ ಹೋಗಿ ಪುಟದ ಲೆಕ್ಕದಲ್ಲಿ ದುಡಿಯುವ ಕೋರ್ಟ್ ರಿಪೋರ್ಟರುಗಳಿದ್ದಾರೆ. ಆದರೆ ಅವರು ಪ್ರಶ್ನೆಯನ್ನೂ ಉತ್ತರವನ್ನೂ ಆಡಿದ ಹಾಗೆಯೇ ಶೀಘ್ರಲಿಪಿ ಯಂತ್ರದಲ್ಲಿ ಇಳಿಸುತ್ತಾರೆ. ಅಲ್ಲಿನ ವೃತ್ತಿ ಪರೀಕ್ಷೆ ಪಾಸಾಗಲು ನಿಮಿಷಕ್ಕೆ 225 ಪದ ಹಿಡಿಯಬೇಕು. ನಮ್ಮಲ್ಲಿ ಸಾಕ್ಷಿ ಆಡಿದ ಮಾತು ನೇರವಾಗಿ ಕಾಗದಕ್ಕೆ ಬರುವುದಿಲ್ಲ. ವಕೀಲರು ಕೇಳುತ್ತಾರೆ, ಸಾಕ್ಷಿ ಹೇಳುತ್ತಾರೆ, ನಡುವೆ ಕೂತವರು ಅದನ್ನು ತಮ್ಮ ಮಾತಿನಲ್ಲಿ ಹೇಳಿ ಬರೆಸುತ್ತಾರೆ. ಪ್ರಶ್ನೆ ಮತ್ತು ಉತ್ತರ ಬೆರೆತು ಒಂದೇ ವಾಕ್ಯವಾಗುತ್ತದೆ. "ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಕೋರ್ಟಿನ ಕಾಗದ ಕಂಡ ಪ್ರತಿಯೊಬ್ಬರೂ ಓದಿರುವ ವಾಕ್ಯ ಇದು. ಸಾಕ್ಷಿ ಹೇಳಿದ್ದು "ಇಲ್ಲ ಸ್ವಾಮಿ" ಅಂತ ಮಾತ್ರ! ಇದು ಕಾನೂನಿಗೆ ವಿರುದ್ಧವಲ್ಲ. ಕಥನ ರೂಪದಲ್ಲಿ ಬರೆದುಕೊಳ್ಳಲು ಕಾನೂನೇ ಒಪ್ಪಿದೆ. ಬೇಕಾದ ಪ್ರಶ್ನೆ ಉತ್ತರವನ್ನು ಇದ್ದ ಹಾಗೇ ದಾಖಲಿಸಲೂ ಒಪ್ಪಿದೆ.

ಕನ್ನಡದ ಮಾತು ಕನ್ನಡದಲ್ಲೇ ಬಂದರೆ ಸಾಕ್ಷಿ ಅದನ್ನು ಕೇಳಿ "ಹಾಗಲ್ಲ, ಹೀಗೆ" ಅನ್ನಬಹುದು. ಜಿಲ್ಲೆ, ತಾಲ್ಲೂಕುಗಳಲ್ಲಿ ಬಹುಮಟ್ಟಿಗೆ ಹಾಗೆಯೇ ನಡೆಯುತ್ತಿದೆ, ಆ ಕೋರ್ಟಿನವರಿಗೆ ಕೈಮುಗಿಯುತ್ತೇನೆ. ನನ್ನ ಸಿಟ್ಟು ಈ ಬೆಂಗಳೂರಿನ ಮೇಲೆ. ಇಲ್ಲಿ ವಕೀಲರು ಕೇಳುವುದು ಕನ್ನಡದಲ್ಲಿ, ಸಾಕ್ಷಿ ಹೇಳುವುದು ಕನ್ನಡದಲ್ಲಿ, ನನಗೆ ಬರೆಸುವುದು ಇಂಗ್ಲಿಷಿನಲ್ಲಿ!

ಅದರಲ್ಲಿ ಏನು ಹೋಯಿತು ಅನ್ನುತ್ತೀರಾ? ಕೇಳಿ. ಒಬ್ಬ ಅಜ್ಜ ಜಮೀನಿನ ದಾವೆಯಲ್ಲಿ "ಆ ಹೊಲಾನ ನಾವು ವಾರಕ್ಕೆ ಮಾಡ್ತಿದ್ವಿ" ಅಂದರು. ಬರೆಸುತ್ತಿದ್ದವರು ವಾರಕ್ಕೊಮ್ಮೆ ಹೋಗಿ ಕೆಲಸ ಮಾಡುತ್ತಿದ್ದರು ಎಂಬರ್ಥದ ಇಂಗ್ಲಿಷ್ ವಾಕ್ಯ ಹೇಳಿದರು. ನಾನು ಕೈ ತಡೆದು, "ಸಾರ್, ವಾರ ಅಂದರೆ ಬೆಳೆಯಲ್ಲಿ ಪಾಲು ಕೊಟ್ಟು ಉಳುವುದು" ಅಂದೆ. ಯೋಚಿಸಿ, ಬೆಳೆಯ ಪಾಲು ಕೊಟ್ಟು ಉಳುವವನು ಗೇಣಿದಾರ. ವಾರಕ್ಕೊಮ್ಮೆ ಬಂದು ಹೋಗುವವನು ಕೂಲಿಯಾಳು. ಭೂಸುಧಾರಣೆ ಕಾನೂನಿನಲ್ಲಿ 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿ, ಉಳುವವನಿಗೆ ಅದನ್ನು ಕೇಳುವ ಹಕ್ಕು ಬಂತು. ಕೂಲಿಯಾಳಿಗೆ ಆ ಹಕ್ಕಿಲ್ಲ. ಒಂದು ಪದ ತಪ್ಪಿದರೆ ಒಂದು ಮನೆತನದ ಹಕ್ಕೇ ತಪ್ಪಿಹೋಗುತ್ತಿತ್ತು. ವಾಕ್ಯವನ್ನೇನೋ ತಿದ್ದಿದರು. ಆದರೆ ಅವರಿಂದ ನನಗೆ ಮತ್ತೆ ಫೋನು ಬರಲಿಲ್ಲ. ಕರೆದಾಗ ಮಾತ್ರ ಕೆಲಸ ಇರುವವನ ಬಾಯಿ ಹೇಗೆ ಕಟ್ಟಿಹೋಗುತ್ತದೆ ಎಂಬುದನ್ನು ಇದರಿಂದಲೇ ತಿಳಿದುಕೊಳ್ಳಿ.

ಇನ್ನೂ ಇದೆ. "ಮನೆ ಭೋಗ್ಯಕ್ಕೆ ಹಾಕಿದ್ವಿ" ಅನ್ನುತ್ತಾರೆ. ಅದನ್ನು ಲೀಸ್ ಎಂದು ಬರೆಸುತ್ತಾರೆ. ಭೋಗ್ಯ ಅಂದರೆ ಸಾಲಕ್ಕೆ ಸ್ವತ್ತನ್ನು ಒಪ್ಪಿಸುವ ಅಡಮಾನ. ಬಾಡಿಗೆಯ ಲೀಸ್ ಬೇರೆ, ಅದರ ಹಕ್ಕು ಬೇರೆ. ಪಾಲಿನ ದಾವೆಯಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಅಂಕಲ್! ಯಾವ ಕವಲಿನವರು, ಯಾರಿಗೆ ಪಾಲು ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆ. ಕ್ರಿಮಿನಲ್ ಕೇಸಿನಲ್ಲಿ ದಲಿತ ಹೆಣ್ಣುಮಗಳು ತನ್ನನ್ನು ಜಾತಿ ಹಿಡಿದು ಬೈದ ಮಾತನ್ನು ಇದ್ದ ಹಾಗೇ ಹೇಳುತ್ತಾಳೆ. ಆ ಕೇಸಿನಲ್ಲಿ ಆ ಮಾತೇ ಅಪರಾಧ. ಕಾಗದದಲ್ಲಿ "ಕೆಟ್ಟ ಮಾತಿನಿಂದ ಬೈದರು" ಎಂದಷ್ಟೇ ಉಳಿದರೆ ಅವಳ ಸಾಕ್ಷ್ಯದ ಜೀವವೇ ಹೋಯಿತು.

ಮೇಲ್ಮನವಿ ಹೋದಾಗ ಹೈಕೋರ್ಟು ಆ ಅಜ್ಜನ ಮುಖ ನೋಡುವುದಿಲ್ಲ, ಆ ಹೆಣ್ಣುಮಗಳ ದನಿ ಕೇಳುವುದಿಲ್ಲ. ಅದರ ಮುಂದಿರುವುದು ಕಾಗದ ಒಂದೇ.

ಕಾನೂನು ಏನು ಹೇಳುತ್ತದೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 312ನೇ ಕಲಂ ನೋಡಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 277 ಆಗಿತ್ತು. ಸಾಕ್ಷಿ ಕೋರ್ಟಿನ ಭಾಷೆಯಲ್ಲಿ ಹೇಳಿದರೆ ಆ ಭಾಷೆಯಲ್ಲೇ ಬರೆದುಕೊಳ್ಳಬೇಕು. 313ನೇ ಕಲಂ, ಹಿಂದಿನ 278, ಇನ್ನೂ ಮುಂದೆ ಹೋಗುತ್ತದೆ. ಬರೆದದ್ದನ್ನು ಸಾಕ್ಷಿಗೆ ಓದಿ ಹೇಳಬೇಕು. ಅವರಿಗೆ ಬಾರದ ಭಾಷೆಯಲ್ಲಿ ಬರೆದಿದ್ದರೆ ಅರ್ಥ ಮಾಡಿ ಹೇಳಬೇಕು. ಸರಿಯಿಲ್ಲ ಎಂದರೆ ತಿದ್ದಬಹುದು, ಇಲ್ಲವೇ ಆ ಆಕ್ಷೇಪಣೆಯನ್ನು ಬರೆದಿಡಬಹುದು. ಸಿವಿಲ್ ದಾವೆಗೂ ಅರ್ಥ ಮಾಡಿ ಹೇಳುವ ನಿಯಮವಿದೆ, 18ನೇ ಆದೇಶದ 6ನೇ ನಿಯಮ. ಸಿವಿಲ್‌ನಲ್ಲಿ ಒಂದು ಸಂದು ಉಂಟು. ಇಂಥ ನ್ಯಾಯಾಧೀಶರು ಇಂಗ್ಲಿಷಿನಲ್ಲೇ ಬರೆದುಕೊಳ್ಳಲಿ ಎಂದು ಹೈಕೋರ್ಟು 138ನೇ ಕಲಮಿನಡಿ ಅಧಿಸೂಚನೆ ಹೊರಡಿಸಬಹುದು. ಆಗಲೂ ಬರೆದದ್ದನ್ನು ಸಾಕ್ಷಿಗೆ ಅರ್ಥ ಮಾಡಿ ಹೇಳುವ ಹೊಣೆ ತಪ್ಪುವುದಿಲ್ಲ.

ಆದರೆ ನಡೆಯುವುದೇನು? ಹೇಳಿಕೆಯ ಕೊನೆಯಲ್ಲಿ "ಓದಿ ಹೇಳಿ ಕೇಳಿ ಸರಿ ಇದೆ" ಎಂಬ ಸಾಲು ಇರುತ್ತದೆ. ಓದಿದವರು ಯಾರು? ಕೇಳಿದವರು ಯಾರು? ಎಷ್ಟೋ ಸಲ ಪ್ರಿಂಟ್ ಬಿಸಿಯಾಗಿರುವಾಗಲೇ ಸಾಕ್ಷಿಯ ಮುಂದೆ ಹಿಡಿದು "ಇಲ್ಲಿ ಸೈನ್ ಮಾಡಿ" ಅನ್ನುತ್ತಾರೆ. ಕನ್ನಡದಲ್ಲಿ ಸಹಿ ಮಾಡಿದ ಇಂಗ್ಲಿಷ್ ಹೇಳಿಕೆ! ತನ್ನ ಬಾಯಿಂದ ಏನು ಬಂತೆಂದು ಕಾಗದ ಹೇಳುತ್ತದೆ ಎಂಬುದೇ ಆ ಮನುಷ್ಯನಿಗೆ ಗೊತ್ತಿಲ್ಲ.

ಯಾಕೆ ಹೀಗೆ ಎಂದು ಕೇಳಿದರೆ ಕಮಿಷನರುಗಳು ಕೊಡುವ ಉತ್ತರ ಒಂದೇ: "ಕನ್ನಡದಲ್ಲಿ ವೇಗವಾಗಿ ಟೈಪ್ ಮಾಡುವವರು ಎಲ್ಲಿ ಸಿಗುತ್ತಾರಪ್ಪ?" ಗೆಳೆಯರೇ, ಈ ಮಾತು ನಮ್ಮ ಕೆನ್ನೆಗೆ ಹೊಡೆಯಬೇಕು. 1982ರ ಗೋಕಾಕ್ ಚಳವಳಿಯಲ್ಲಿ ನಾಡಿಗೆ ನಾಡೇ ಬೀದಿಗಿಳಿಯಿತು. ಬೋರ್ಡಿಗೆ ಮಸಿ ಬಳಿಯಲು ಇವತ್ತೂ ನಾವು ನೂರು ಜನ ಬರುತ್ತೇವೆ. ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟಿಗೆ ಕನ್ನಡ ಕೀಲಿಮಣೆಯಲ್ಲಿ ಕೈ ಓಡುವ ಹತ್ತು ಜನ ಬೇಕು ಎಂದರೆ ಯಾರು ಬರುತ್ತೀರಿ?

ಕಲಿಯುವುದು ಕಷ್ಟವಲ್ಲ. ಅನಂತಸುಬ್ಬರಾಯರು ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ಮಾಡಿಕೊಟ್ಟರು. ಕೆ.ಪಿ. ರಾಯರು ಕಂಪ್ಯೂಟರಿಗೆ ಕೀಲಿಮಣೆ ರೂಪಿಸಿದರು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿದೆ. ಕನ್ನಡ ಬೆರಳಚ್ಚಿಗೂ ಶೀಘ್ರಲಿಪಿಗೂ ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಸರ್ಕಾರವೇ ನಡೆಸುತ್ತದೆ. ಹಿರಿಯರು ದಾರಿ ಮಾಡಿಟ್ಟಿದ್ದಾರೆ, ಅದರಲ್ಲಿ ನಡೆಯುವವರು ಸಾಲದು.

"ಇನ್ನೇನು, ಯಂತ್ರವೇ ಬರೆದುಕೊಳ್ಳುತ್ತದೆ" ಅನ್ನುವವರಿದ್ದಾರೆ. ನಿಜ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ವಾದವನ್ನು ಕೃತಕ ಬುದ್ಧಿಮತ್ತೆಯ ಯಂತ್ರ ಅಲ್ಲೇ ಬರೆದುಕೊಂಡಿತು. ಕೇರಳದ ಹೈಕೋರ್ಟು ಕೆಳಗಿನ ಕೋರ್ಟುಗಳಲ್ಲಿ ಸಾಕ್ಷಿಯ ಹೇಳಿಕೆಯನ್ನು ಅಂಥ ಯಂತ್ರದಲ್ಲೇ ದಾಖಲಿಸಬೇಕೆಂದು 2025ರ ನವೆಂಬರ್ 1ರಿಂದ ಜಾರಿಗೆ ತಂದಿತು. ನಾವು ಬಾವುಟ ಹಾರಿಸುವ ದಿನವೇ! ಯಂತ್ರ ಇಲ್ಲಿಗೂ ಬರಲಿ. ಆದರೆ ಕೋಲಾರದ ಮಾತು, ಕಲಬುರಗಿಯ ಮಾತು, ಕುಂದಾಪುರದ ಮಾತು ಒಂದೇ ಅಲ್ಲ. ವಾರ ಅಂದರೆ ಯಾವ ವಾರ ಎಂದು ಯಂತ್ರ ಬರೆದದ್ದನ್ನು ನೋಡಿ ಹೇಳಲು ಕನ್ನಡ ಬಲ್ಲ ಮನುಷ್ಯ ಬೇಕೇ ಬೇಕು.

ಆದ್ದರಿಂದ ನಮ್ಮ ಒತ್ತಾಯ ಮೂರು. ಒಂದು, ಕನ್ನಡದಲ್ಲಿ ನುಡಿದ ಸಾಕ್ಷ್ಯವನ್ನು ಬೆಂಗಳೂರಿನಲ್ಲೂ ಕನ್ನಡದಲ್ಲೇ ದಾಖಲಿಸಲಿ. ಎರಡು, "ಓದಿ ಹೇಳಿ ಕೇಳಿ" ಎಂಬುದು ನಿಜವಾಗಿ ನಡೆಯಲಿ, ನಡೆಯದಿದ್ದರೆ ಅಲ್ಲೇ ಎದ್ದು ಕೇಳುವ ಧೈರ್ಯ ವಕೀಲರಿಗೆ ಬರಲಿ. ಮೂರು, ಕರೆದಾಗ ಬಂದು ದುಡಿಯುವ ಬೆರಳಚ್ಚುಗಾರರಿಗೆ ಕೋರ್ಟೇ ಒಂದು ಪಟ್ಟಿ ಮಾಡಿ ಪುಟಕ್ಕೆ ದರ ಗೊತ್ತು ಮಾಡಲಿ, ವಾಯಿದೆ ಬಿದ್ದ ದಿನಕ್ಕೂ ಕೂಲಿ ಕೊಡಲಿ. ಅನ್ನದ ಭಯವಿಲ್ಲದವನು ಮಾತ್ರ "ಸಾರ್, ಅವರು ಹೇಳಿದ್ದು ಹಾಗಲ್ಲ" ಅನ್ನಬಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಪದವಿ ಮುಗಿಸಿ ಕೆಲಸ ಹುಡುಕುತ್ತಿರುವವರು, ಸಂಜೆ ಕಾಲೇಜಿಗೆ ಹೋಗುವವರು ಆರು ತಿಂಗಳು ಕನ್ನಡ ಬೆರಳಚ್ಚು ಕಲಿಯಿರಿ, ಶೀಘ್ರಲಿಪಿಗೂ ಕೈ ಹಾಕಿ. ಕಾನೂನು ಓದುತ್ತಿರುವವರು 312 ಮತ್ತು 313ನೇ ಕಲಂಗಳನ್ನು ಬಾಯಿಪಾಠ ಮಾಡಿಕೊಳ್ಳಿ. ನಿಮ್ಮ ಮನೆಯವರು ಯಾರಾದರೂ ಸಾಕ್ಷಿ ಕಟ್ಟೆ ಹತ್ತಿದರೆ ಒಂದು ಮಾತು ಹೇಳಿ ಕಳಿಸಿ: "ಓದಿ ಹೇಳದೆ ಸಹಿ ಹಾಕಬೇಡಿ. ಕನ್ನಡದಲ್ಲಿ ಹೇಳಿ ಎಂದು ಕೇಳಿ. ಅದು ನಿಮ್ಮ ಹಕ್ಕು."

ಜೈ ಕರ್ನಾಟಕ!