ದೀಕ್ಷಾಸ್ನಾನ ಮತ್ತು ತ್ಯಾಗದ ಬದುಕು

(ಸೋಮವಾರಪೇಟೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಉಪನ್ಯಾಸ)



ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೇವೆ. ಕ್ರೈಸ್ತರ ಮನೆಯಲ್ಲಿ ಮಗುವಿನ ದೀಕ್ಷಾಸ್ನಾನ ಎಂದರೆ ನೀವೂ ಊಟಕ್ಕೆ ಬಂದಿರುತ್ತೀರಿ. "ತಲೆ ಮೇಲೆ ನೀರು ಯಾಕೆ ಹಾಕ್ತಾರೆ? ಹೆಸರಿಡೋ ಶಾಸ್ತ್ರವಾ?" ಎಂದು ಕೇಳುವವರಿದ್ದಾರೆ. ಹೆಸರು ಅದರಲ್ಲಿ ಒಂದು ಭಾಗ ಅಷ್ಟೆ.

ಗುರುಗಳು ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಮೂರು ಸಲ ನೀರು ಹಾಕುತ್ತಾರೆ. ಪವಿತ್ರ ತೈಲ ಹಚ್ಚಿ ಬಿಳಿ ಬಟ್ಟೆ ಹೊದಿಸುತ್ತಾರೆ. ಉರಿಯುವ ಮೇಣದ ಬತ್ತಿಯನ್ನು ಮನೆಯವರ ಕೈಗೆ ಕೊಡುತ್ತಾರೆ. ನೀರು ಕೊಳೆ ತೊಳೆಯುತ್ತದೆ, ಜೀವ ಕೊಡುತ್ತದೆ. ಅದೇ ನೀರು ಮುಳುಗಿಸಲೂ ಬಲ್ಲದು. ಮಳೆಗಾಲದ ಹಾರಂಗಿ ಹೊಳೆ ನೋಡಿದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದೀಕ್ಷಾಸ್ನಾನ ಎಂದರೆ ಕ್ರಿಸ್ತರೊಡನೆ ಸತ್ತು, ಅವರೊಡನೆ ಹೊಸ ಬದುಕಿಗೆ ಏಳುವುದು ಎಂದು ಸಂತ ಪೌಲರು ರೋಮಿನವರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ. ಸಾಯಬೇಕಾದ್ದು ಯಾವುದು? "ನನಗೆ ಸಿಕ್ಕಿದರೆ ಸಾಕು" ಎಂಬ ಸ್ವಾರ್ಥ. ಅದು ಒಂದೇ ದಿನಕ್ಕೆ ಸಾಯೋದಿಲ್ಲ. ಆದ್ದರಿಂದ ದೀಕ್ಷಾಸ್ನಾನ ಪಡೆಯುವುದು ಒಂದೇ ಸಲ, ಅದರಂತೆ ಬಾಳುವುದು ದಿನವೂ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ತ್ಯಾಗ ಅಂದ ಕೂಡಲೇ ಎಲ್ಲರೂ ಹೆಂಗಸರ ಕಡೆ ನೋಡುತ್ತಾರೆ. ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವುದು, ರಕ್ತ ಕಡಿಮೆಯಾಗಿ ತಲೆ ಸುತ್ತಿದರೂ ಆಸ್ಪತ್ರೆಗೆ ಹೋಗದಿರುವುದು, ಕಾಫಿ ಕೊಯ್ಲಿನ ಕೂಲಿಯನ್ನು ಕುಡಿತಕ್ಕೆ ಕೊಟ್ಟು, ಏಟನ್ನೂ ತಿಂದು ಸುಮ್ಮನಿರುವುದು, ಇದನ್ನೇ ತ್ಯಾಗ ಎನ್ನುತ್ತಾರೆ. "ಇದು ನಿನ್ನ ಶಿಲುಬೆ, ಹೊತ್ಕೋ" ಎಂದು ಬುದ್ಧಿ ಹೇಳುವವರೂ ಇದ್ದಾರೆ. ಅದು ಸರಿಯಲ್ಲ. ತಮ್ಮ ಪ್ರಾಣವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ತಾವಾಗಿಯೇ ಕೊಡುತ್ತಿದ್ದೇವೆ ಎಂದು ಯೇಸುಸ್ವಾಮಿ ಹೇಳಿದ್ದು ಯೊವಾನ್ನರ ಶುಭಸಂದೇಶದಲ್ಲಿದೆ. ಮನಸಾರೆ ಕೊಟ್ಟದ್ದು ತ್ಯಾಗ, ಹೆದರಿಸಿ ಕಿತ್ತುಕೊಂಡದ್ದು ಅನ್ಯಾಯ. ದೀಕ್ಷಾಸ್ನಾನದಲ್ಲಿ ಗಂಡು ಮಗುವಿಗೆ ಬೇರೆ ತೈಲ, ಹೆಣ್ಣು ಮಗುವಿಗೆ ಬೇರೆ ತೈಲ ಇಲ್ಲ. ಇಬ್ಬರೂ ದೇವರ ಮಕ್ಕಳೇ. ಮನೆಯಲ್ಲಿ ಹಿಂಸೆಯಿದ್ದರೆ ಮುಚ್ಚಿಡಬೇಡಿ, ಸಂಘದಲ್ಲಿ ಹೇಳಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ, ಮಹಿಳಾ ಸಹಾಯವಾಣಿ 181 ಇದೆ.

ಹಾಗಾದರೆ ಮನಸಾರೆ ಕೊಡುವುದು ಹೇಗಿರುತ್ತದೆ? ನಮ್ಮ ಕೊಡಗಿನಲ್ಲೇ ಉದಾಹರಣೆ ಇದೆ. 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಅರಸ ದೊಡ್ಡ ವೀರರಾಜೇಂದ್ರರು ವಿರಾಜಪೇಟೆಯಲ್ಲಿ ನೆಲೆ ಕೊಟ್ಟರು. ಅಲ್ಲಿನ ಸಂತ ಅನ್ನಮ್ಮನವರ ದೇವಾಲಯ 1792ರಷ್ಟು ಹಳೆಯದು. ಆ ಅರಸರು ಲಿಂಗಾಯತರು, ದೀಕ್ಷಾಸ್ನಾನ ಪಡೆದವರಲ್ಲ. ಅವರೂ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವರೇ. ಸೆರೆಯ ಕಷ್ಟ ಉಂಡವರು ಸೆರೆಯಿಂದ ಬಂದವರಿಗೆ ಜಾಗ ಬಿಟ್ಟುಕೊಟ್ಟರು. ಹೀಗೆ ಬೇರೆ ಧರ್ಮದವರ ಆಶ್ರಯದಲ್ಲಿ ಬೇರೂರಿದ ಕ್ರೈಸ್ತರು ನಾವು, ಕೊಡುವಾಗ "ನಮ್ಮವರಾ?" ಎಂದು ಕೇಳಬಾರದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದಾಗ ಪರಿಹಾರ ಕೇಂದ್ರಗಳಲ್ಲಿ ಎಲ್ಲ ಜಾತಿ ಧರ್ಮದವರೂ ಒಂದೇ ಒಲೆಯ ಅನ್ನ ಉಂಡರಲ್ಲವೇ?

ನಮ್ಮ ಸಂಘದಲ್ಲಿ ಇದು ಚಿಕ್ಕದಾಗಿ ನಡೆಯುತ್ತದೆ. ಸಾಲದ ಸರದಿ ನಮ್ಮದೇ ಇದ್ದರೂ, ಮಗಳ ಹೆರಿಗೆಗೆ ಹಣವಿಲ್ಲದೆ ಕೂತಾಕೆಗೆ ಬಿಟ್ಟುಕೊಡುವುದು. ಲೈನ್‌ಮನೆಯ ಅಕ್ಕನಿಗೆ ಓದಲು ಬಾರದಿದ್ದರೆ ಪಕ್ಕದಲ್ಲಿ ಕೂತು ಲೆಕ್ಕವನ್ನು ಓದಿ ಹೇಳುವುದು. ಒಬ್ಬಳು ಕಂತು ಕಟ್ಟದಿದ್ದರೆ ಬೈಯುವ ಮೊದಲು ಅವಳ ಮನೆಗೆ ಹೋಗಿ ವಿಚಾರಿಸುವುದು. ಆ ದಿನ ಕೈಗೆ ಕೊಟ್ಟ ಮೇಣದ ಬತ್ತಿ ಉರಿಯಬೇಕಾದ್ದು ಇಂಥ ಕಡೆ.

ಈ ವಾರದ ಸಭೆಯಲ್ಲಿ ಎರಡು ಪ್ರಶ್ನೆ ಚರ್ಚೆ ಮಾಡೋಣ:

1. ನಾವು ಮನಸಾರೆ ಬಿಟ್ಟುಕೊಟ್ಟದ್ದು ಯಾವುದು? ನಮ್ಮಿಂದ ಕಿತ್ತುಕೊಂಡದ್ದು ಯಾವುದು?

2. ನಮ್ಮ ಸಂಘದಲ್ಲಿ ಈಗ ಯಾರಿಗೆ ಜಾಗ ಮಾಡಿಕೊಡಬೇಕಾಗಿದೆ?

ಕೊಡುವ ಮನಸ್ಸನ್ನೂ ಅನ್ಯಾಯಕ್ಕೆ ಬೇಡ ಎನ್ನುವ ಧೈರ್ಯವನ್ನೂ ದೇವರು ನಮಗೆಲ್ಲರಿಗೂ ಕೊಡಲಿ.