ಹವ್ಯಾಸಿ ನಟನಿಗೆ ಸಂಬಳ ಕೊಟ್ಟವರು ಯಾರು?

(ಉಪನ್ಯಾಸವೊಂದರ ಪಠ್ಯ)

ಕನ್ನಡ ರಂಗಭೂಮಿಯ ಚರಿತ್ರೆ ಹೇಳುವಾಗ ಮೊದಲು ನಾಟಕಕಾರರ ಹೆಸರು ಬರುತ್ತದೆ, ಆಮೇಲೆ ನಿರ್ದೇಶಕರದು. ನಟನ ಸರದಿ ಕೊನೆಗೆ. ಆ ನಟ ಮನೆ ಬಾಡಿಗೆಯನ್ನು ಹೇಗೆ ಕಟ್ಟಿದ, ಮಕ್ಕಳ ಶಾಲೆಯ ಫೀಜಿಗೆ ಎಲ್ಲಿಂದ ತಂದ ಎಂಬ ಮಾತು ಬರುವುದೇ ಇಲ್ಲ. ಬೆಂಗಳೂರಿನ ಮಟ್ಟಿಗಂತೂ ಈ ಪ್ರಶ್ನೆ ಕೇಳದೆ ಅಲ್ಲಿನ ರಂಗಭೂಮಿ ಅರ್ಥವಾಗುವುದಿಲ್ಲ. ಏಕೆಂದರೆ ಆ ನಗರದ ಒಳ್ಳೆಯ ನಾಟಕಗಳಲ್ಲಿ ಪಾತ್ರ ವಹಿಸಿದವರ ಪೈಕಿ ಹೆಚ್ಚಿನವರು ನಾಟಕದಿಂದ ಬದುಕಿದವರಲ್ಲ.

ಬದುಕಿದವರೂ ಇದ್ದರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. 1934ರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಆ ಆನೆಯ ಮೇವಿನ ಖರ್ಚೂ ಟಿಕೆಟ್ಟಿನ ಹಣದಿಂದಲೇ ಹುಟ್ಟಬೇಕಿತ್ತು ಎಂಬುದನ್ನು ಮರೆಯಬಾರದು. ಕಂಪನಿ ನಾಟಕದ ನಟನೆಂದರೆ ಒಬ್ಬ ನೌಕರ. ಊಟ, ವಸತಿ, ತಿಂಗಳ ಸಂಬಳ ಎಲ್ಲವೂ ಕಂಪನಿಯದು. ಕಂಪನಿ ಎಲ್ಲಿ ಮೊಕ್ಕಾಂ ಹೂಡಿತೋ ಅದೇ ಅವನ ಊರು. ಮಳೆ ಹಿಡಿದು ಕಲೆಕ್ಷನ್ ಬೀಳದಿದ್ದರೆ ಸಂಬಳ ಹಿಂದೆ ಬೀಳುತ್ತಿತ್ತು. ಆದರೂ ಅವನ ಕಸುಬು ಯಾವುದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಇಂಥ ನಟರು. ಅವರ ಮಗ ರಾಜ್‌ಕುಮಾರ್ ಕೂಡ ಅದೇ ಗರಡಿಯಲ್ಲಿ ಪಳಗಿದವರು. ಬಿ.ವಿ. ಕಾರಂತರೂ ಹುಡುಗರಾಗಿದ್ದಾಗ ಸೇರಿದ್ದು ಗುಬ್ಬಿ ಕಂಪನಿಯನ್ನೇ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ಸಾವಿರಾರು ಪ್ರದರ್ಶನ ಕಂಡಿತು. ಅದೂ ಟಿಕೆಟ್ಟಿನ ಮೇಲೆಯೇ ನಿಂತ ನಾಟಕ.

ಆದರೆ ಕಂಪನಿ ನಟನಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದ ಕಾಲವದು. ನಾಟಕ ನೋಡಲು ಗಾಡಿ ಕಟ್ಟಿಕೊಂಡು ಬರುವವರೇ ನಟನನ್ನು ಜಗಲಿಯಿಂದ ಒಳಗೆ ಕರೆಯುತ್ತಿರಲಿಲ್ಲ. 'ಹವ್ಯಾಸಿ' ಎಂಬ ಮಾತಿನ ಬೆಲೆ ತಿಳಿಯುವುದು ಇಲ್ಲಿ. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಆರಂಭವಾಯಿತು. ಎಡಿಎ ಎಂದರೆ ಇಂದಿಗೂ ಗೊತ್ತಾಗುತ್ತದೆ. ವಿದ್ಯಾವಂತರು ನಾಟಕವನ್ನು ಅಭಿರುಚಿಗಾಗಿ ಆಡುತ್ತಾರೆ, ಹೊಟ್ಟೆಪಾಡಿಗಲ್ಲ ಎಂಬ ಮಾತು ಆ ಹೆಸರಿನಲ್ಲೇ ಇದೆ. ಬಳ್ಳಾರಿ ರಾಘವ ವೃತ್ತಿಯಲ್ಲಿ ವಕೀಲರು. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು, ಸ್ವಲ್ಪಕಾಲ ಮೈಸೂರು ಸರ್ಕಾರದ ಭೂಗರ್ಭ ಇಲಾಖೆಯಲ್ಲಿ ನೌಕರಿಯನ್ನೂ ಮಾಡಿದರು. ಹವ್ಯಾಸಿ ಎಂಬುದು ಆಗ ಕಲೆಯ ಮಟ್ಟ ಹೇಳುವ ಮಾತಾಗಿರಲಿಲ್ಲ, ಮರ್ಯಾದೆಯ ಸರ್ಟಿಫಿಕೇಟಾಗಿತ್ತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ನಗರಕ್ಕೆ ಕಾರ್ಖಾನೆಗಳು ಬಂದವು: 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್. ಇವುಗಳ ಜೊತೆಗೆ ಬ್ಯಾಂಕುಗಳು, ಅಕೌಂಟೆಂಟ್ ಜನರಲ್ ಕಚೇರಿ, ವಿಧಾನಸೌಧ. ರಂಗಭೂಮಿಯ ಪುಸ್ತಕಗಳಲ್ಲಿ ಈ ಹೆಸರುಗಳು ಅಷ್ಟಾಗಿ ಕಾಣುವುದಿಲ್ಲ. ಆದರೆ ಆಧುನಿಕ ಕನ್ನಡ ನಾಟಕದ ದೊಡ್ಡ ಪೋಷಕರು ಯಾರೆಂದು ಕೇಳಿದರೆ ಉತ್ತರ ಇವರೇ. ಇವರು ಕೊಟ್ಟದ್ದು ಮೂರು: ತಿಂಗಳ ಮೊದಲ ವಾರದಲ್ಲಿ ತಪ್ಪದೆ ಸಂಬಳ, ಹೊತ್ತಿಗೆ ಸರಿಯಾಗಿ ಬಾರಿಸುವ ಗಂಟೆ, ಕನ್ನಡ ಸಂಘ. ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ಬೇಕೇ ಬೇಕು. ಕೆಲಸ ಬಿಟ್ಟ ಮೇಲೆ ಬಸ್ಸು ಹಿಡಿದರೆ ಆರಕ್ಕೆಲ್ಲ ತಾಲೀಮಿನ ಜಾಗ, ಒಂಬತ್ತಕ್ಕೆ ಮನೆ. ಖಾಲಿ ಟಿಫನ್ ಕ್ಯಾರಿಯರ್ ಪಕ್ಕಕ್ಕಿಟ್ಟು ರಾಜನ ಪಾತ್ರಕ್ಕೆ ನಿಂತವರು ಆ ಕಾಲದಲ್ಲಿ ಎಷ್ಟೋ ಮಂದಿ.

1963ರಲ್ಲಿ ರವೀಂದ್ರ ಕಲಾಕ್ಷೇತ್ರ ತೆರೆಯಿತು. 1972ರಲ್ಲಿ ಅದರ ಹಿಂದಿನ ಬಯಲಿನಲ್ಲಿ ಕಾರಂತರು ಲಂಕೇಶರ 'ಸಂಕ್ರಾಂತಿ', ಅವರೇ ಕನ್ನಡಕ್ಕೆ ತಂದ 'ಈಡಿಪಸ್', ಕಂಬಾರರ 'ಜೋಕುಮಾರಸ್ವಾಮಿ' ಈ ಮೂರನ್ನೂ ಆಡಿಸಿದರು. ಅದೇ ವರ್ಷ ನಟರಂಗ, 1974ರಲ್ಲಿ ಬೆನಕ, 1975ರಲ್ಲಿ ಸಮುದಾಯ. ಹೊಸ ಅಲೆ ಎಂದು ಕರೆದದ್ದು ಇದನ್ನೇ. ಈ ಅಲೆಗೆ ಇದ್ದ ಧೈರ್ಯದ ಮೂಲ ಎಲ್ಲಿತ್ತು? ಗಲ್ಲಾಪೆಟ್ಟಿಗೆ ತುಂಬಲೇಬೇಕೆಂಬ ಹೆದರಿಕೆ ಇರಲಿಲ್ಲ. ನಾಟಕ ಬಿದ್ದರೂ ನಟನ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಜನಕ್ಕೆ ಹಿಡಿಸುತ್ತದೋ ಇಲ್ಲವೋ ಎಂದು ಅಳುಕದೆ ಗ್ರೀಕ್ ದುರಂತವನ್ನು ಎತ್ತಿಕೊಳ್ಳಬಹುದಿತ್ತು. ಸರ್ಕಾರಿ ಸಂಬಳದಲ್ಲಿ ಸಂಸಾರ ನಡೆಸುತ್ತಲೇ ಸರ್ಕಾರವನ್ನು ಹಿಗ್ಗಾಮುಗ್ಗಾ ಎಳೆಯುವ ನಾಟಕವನ್ನೂ ಆಡಬಹುದಿತ್ತು.

ಸಭೆಯಲ್ಲಿ ಕುಳಿತ ಹಿರಿಯರು ತಂಡದ ಲೆಕ್ಕದ ಪುಸ್ತಕ ನೋಡಿರಬಹುದು. ರಂಗಮಂದಿರದ ಬಾಡಿಗೆ, ಬೆಳಕು, ಪ್ರಸಾಧನ, ಸೆಟ್ಟು ಸಾಗಿಸಿದ ಟೆಂಪೊ, ಕಾಫಿ ತಿಂಡಿ ಎಲ್ಲವೂ ಅದರಲ್ಲಿರುತ್ತವೆ. ಬಡಗಿಗೆ ಕೂಲಿ ಕೊಡಬೇಕು ಎಂಬುದರಲ್ಲಿ ಯಾರಿಗೂ ಎರಡನೇ ಮಾತಿಲ್ಲ. ಎರಡು ತಿಂಗಳು ಸಂಜೆಗಳನ್ನೆಲ್ಲ ಕೊಟ್ಟ ನಟನ ಹೆಸರಿನಲ್ಲಿ ಮಾತ್ರ ಏನೂ ಇರುವುದಿಲ್ಲ.

ಇದಕ್ಕೊಂದು ಅಪವಾದವಿತ್ತು. ಕಾರ್ಖಾನೆ, ಕಚೇರಿಗಳ ಅನೇಕ ನಾಟಕಗಳಲ್ಲಿ ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಿದ್ದರು. ನಾಟಕಕ್ಕೆ ಇಂತಿಷ್ಟು ಎಂದು ಮೊದಲೇ ಮಾತು. ಅದೇ ಪಾತ್ರವನ್ನು ಹತ್ತು ತಂಡಗಳಲ್ಲಿ ಮಾಡಿ ಬಾಯಿಪಾಠವಾಗಿರುತ್ತಿದ್ದುದರಿಂದ ಕೊನೆಯ ಒಂದೆರಡು ತಾಲೀಮಿಗೆ ಬಂದರೂ ಸಾಕಾಗುತ್ತಿತ್ತು. ಇಡೀ ತಂಡದಲ್ಲಿ ಕಸುಬು ಬಲ್ಲವಳು ಆಕೆಯೊಬ್ಬಳೇ. ಸಂಭಾವನೆ ಪಡೆದವಳೂ ಆಕೆಯೊಬ್ಬಳೇ. ದುಡ್ಡಿಗೆ ಬರುವವಳು ಎಂಬ ಕೊಂಕನ್ನು ಕೇಳಬೇಕಾದವಳೂ ಆಕೆಯೇ. ಬಿಟ್ಟಿ ಆಡಿದವನು ಕಲೋಪಾಸಕ, ಕೂಲಿ ಪಡೆದವಳು ಹಗುರ ಎಂಬ ಈ ತೂಕ ಯಾವ ನ್ಯಾಯ? ಕಂಪನಿ ನಟನನ್ನು ಜಗಲಿಯಲ್ಲೇ ನಿಲ್ಲಿಸಿದ ಬುದ್ಧಿಯೇ ವೇಷ ಬದಲಿಸಿ ಇಲ್ಲಿಗೂ ಬಂದಿತ್ತು.

ಇನ್ನೊಂದು ಬೆಂಗಳೂರೂ ಇದೆ. ಹೊಸ ಅಲೆಯವರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮಂಡ್ಯ, ತುಮಕೂರು, ರಾಮನಗರದ ಕಡೆಯ ಹಳ್ಳಿಗಳಲ್ಲಿ ನಡೆಯುವ ಪೌರಾಣಿಕ ನಾಟಕ, ಆ ಊರುಗಳಿಂದ ಬಂದು ನಗರದಲ್ಲಿ ನೆಲೆಸಿದವರ ಜೊತೆಗೆ ಇಲ್ಲಿಗೂ ಬಂತು. ಇಲ್ಲಿ ಲೆಕ್ಕ ತಿರುಗುಮುರುಗು: ಪಾತ್ರಕ್ಕೆ ನಟನೇ ದುಡ್ಡು ಕಟ್ಟಬೇಕು. ದುರ್ಯೋಧನನಿಗೆ ಒಂದು ದರ, ಶಕುನಿಗೆ ಇನ್ನೊಂದು. ಕೃಷ್ಣನ ಮೇಲೆ ಆಸೆಯುಳ್ಳವರು ಹೆಚ್ಚಾದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ದೃಶ್ಯಗಳನ್ನು ಹಂಚಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಕೂತು ಕಂದ, ಮಟ್ಟು ಕಲಿಸುವ ಹಾರ್ಮೋನಿಯಂ ಮೇಷ್ಟ್ರು, ಕಿರೀಟ ಗದೆ ಪರದೆಗಳನ್ನು ಬಾಡಿಗೆಗೆ ಕೊಡುವ ಡ್ರಾಮಾ ಸೀನರಿಯವರು ಇದರಿಂದ ಬದುಕುತ್ತಾರೆ. ಮಾರನೆಯ ದಿನ ಆಟೊ ಓಡಿಸಬೇಕಾದವನು, ಹಾಲಿನ ವ್ಯಾಪಾರ ಮಾಡಬೇಕಾದವನು, ಒಂದು ರಾತ್ರಿ ಭೀಮನಾಗಲು ಉಳಿತಾಯ ಸುರಿಯುತ್ತಾನೆ. ಇದನ್ನು ಹುಚ್ಚು ಎನ್ನುವವರು ಎನ್ನಲಿ. ಎರಡೂ ಕಡೆ ನಟನ ಖರ್ಚು ಬೇರೆಲ್ಲಿಂದಲೋ ಬರುತ್ತದೆ; ಇಲ್ಲಿ ಅದನ್ನು ಮುಚ್ಚಿಡುವುದಿಲ್ಲ, ಅಷ್ಟೇ.

ಇಡೀ ಹೊತ್ತು ನಟರಾಗಿಯೇ ಇರುತ್ತೇವೆ ಎಂದವರು ದಾರಿಗಳನ್ನು ತಾವೇ ಹುಡುಕಿಕೊಂಡರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ 'ಸ್ಪಂದನ' ತಂಡ ಕಟ್ಟಿದರು. ಅವರ ಧ್ವನಿ ಎಷ್ಟೋ ಚಿತ್ರಗಳಲ್ಲಿ ಬೇರೆ ನಾಯಕಿಯರ ತುಟಿಯಿಂದ ಕೇಳಿಸಿತು. ಸಿ.ಆರ್. ಸಿಂಹ ಒಬ್ಬರೇ ನಿಂತು 'ಟಿಪಿಕಲ್ ಟಿ.ಪಿ. ಕೈಲಾಸಂ' ಆಡಿದರು. ಏಕವ್ಯಕ್ತಿ ಪ್ರದರ್ಶನಗಳ ಕಲಾಗುಣದ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಹದಿನೈದು ಜನರನ್ನು ಒಂದೇ ಸಂಜೆಗೆ ಕೂಡಿಸುವ ಕಷ್ಟ ಅದರಲ್ಲಿಲ್ಲ, ಒಂದು ಪೆಟ್ಟಿಗೆಯಲ್ಲಿ ಸಾಮಾನು ತುಂಬಿಕೊಂಡು ಬಸ್ಸು ಹತ್ತಬಹುದು ಎಂಬುದೂ ಒಂದು ಕಾರಣವೇ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದಾಗ ನಗರದ ರಂಗನಟರು ಹಲವರು ಆಗುಂಬೆಗೆ ಹೋದರು. 1994ರಲ್ಲಿ ಉದಯ ಟಿವಿ ಬಂತು. ದಿನನಿತ್ಯದ ಧಾರಾವಾಹಿಗಳು ಶುರುವಾದ ಮೇಲೆ ನಟನೆಗೆ ಮೊದಲ ಬಾರಿ ದಿನದ ಲೆಕ್ಕದಲ್ಲಿ ಹಣ ಹುಟ್ಟಿತು. ಅದರ ಬೆನ್ನಿಗೇ ತಂಡಗಳ ಗೋಳೂ ಹುಟ್ಟಿತು: ಶೂಟಿಂಗಿಗೆ ಹೋದ ಹುಡುಗ ತಾಲೀಮಿಗೆ ಬರುವುದಿಲ್ಲ. ಅವನನ್ನು ಬೈಯುವ ಹಕ್ಕು ಒಂದು ಕಾಸೂ ಕೊಡದ ತಂಡಕ್ಕೆ ಎಷ್ಟಿದೆ ಎಂದು ಕೇಳಿದವರು ಕಡಿಮೆ.

ಸರ್ಕಾರ ನಟನಿಗೆ ಸಂಬಳ ಗೊತ್ತುಮಾಡಿ 1989ರಲ್ಲಿ ರಂಗಾಯಣ ಸ್ಥಾಪಿಸಿದ್ದು ಮೈಸೂರಿನಲ್ಲಿ, ರಾಜಧಾನಿಯಲ್ಲಲ್ಲ. ಅದಕ್ಕೂ ಮೊದಲೇ, 1985ರಲ್ಲಿ, ನೀನಾಸಂ ತಿರುಗಾಟ ಹೊರಟದ್ದು ಹೆಗ್ಗೋಡಿನಂಥ ಹಳ್ಳಿಯಿಂದ. ಬೆಂಗಳೂರಿಗೆ ದಕ್ಕಿದ್ದು 2004ರಲ್ಲಿ ಜೆ.ಪಿ. ನಗರದಲ್ಲಿ ಅರುಂಧತಿ ನಾಗ್ ಕಟ್ಟಿದ ರಂಗಶಂಕರ. ದಿನವೂ ನಾಟಕ, ಕೈಗೆಟಕುವ ಟಿಕೆಟ್ಟು, ತಡವಾಗಿ ಬಂದವರಿಗೆ ಬಾಗಿಲಿಲ್ಲ ಎಂಬ ಶಿಸ್ತು ಪ್ರೇಕ್ಷಕರನ್ನು ಬೆಳೆಸಿತು. ಆದರೆ ಮುನ್ನೂರು ಚಿಲ್ಲರೆ ಆಸನಗಳ ಮಂದಿರ ತುಂಬಿದರೂ ಬಂದ ಹಣ ಒಂದು ದೊಡ್ಡ ತಂಡದ ಹೊಟ್ಟೆ ತುಂಬಿಸುವಷ್ಟಲ್ಲ.

ಈ ನಡುವೆ ಹಳೆಯ ಪೋಷಕರು ಒಬ್ಬೊಬ್ಬರಾಗಿ ಸರಿದರು. ಎಚ್‌ಎಂಟಿಯ ಕೈಗಡಿಯಾರದ ಕಾರ್ಖಾನೆ ಮುಚ್ಚಿತು, ಐಟಿಐ ಸೊರಗಿತು. ಹೊಸ ಕಂಪನಿಗಳಲ್ಲಿ ಸಂಬಳ ದೊಡ್ಡದು, ಆದರೆ ಗಂಟೆ ಬಾರಿಸುವುದಿಲ್ಲ. ವೈಟ್‌ಫೀಲ್ಡಿನಲ್ಲಿ ಕೆಲಸ ಮುಗಿಸಿದವನು ಬನಶಂಕರಿಯ ತಾಲೀಮಿಗೆ ಆರಕ್ಕೆ ಬರುವುದು ಕನಸಿನ ಮಾತು. 2020ರ ಮಾರ್ಚಿನಲ್ಲಿ ರಂಗಮಂದಿರಗಳು ಬಾಗಿಲು ಹಾಕಿದಾಗ ಮೊದಲು ಪೆಟ್ಟು ತಿಂದವರು ನಟನೆಯನ್ನೇ ನಂಬಿದವರು, ಅವರ ಜೊತೆಗೆ ಬೆಳಕಿನವರು, ಪ್ರಸಾಧನದವರು. ಕಚೇರಿ ಸಂಬಳವಿದ್ದವರು ಮನೆಯಲ್ಲಿ ಕೂತು ಕಾದರು.

ಈಗ ಪೂರ್ಣಾವಧಿ ನಟರೆಂದು ಹೇಳಿಕೊಳ್ಳುವ ತರುಣರು ಹಗಲು ಶಾಲೆಗಳಲ್ಲಿ ಮಕ್ಕಳಿಗೆ ಕಥೆ ಹೇಳುತ್ತಾರೆ, ಕಂಪನಿಗಳ ನೌಕರರಿಗೆ ಮಾತುಗಾರಿಕೆಯ ಶಿಬಿರ ನಡೆಸುತ್ತಾರೆ, ಜಾಹೀರಾತಿಗೆ ಧ್ವನಿ ಕೊಡುತ್ತಾರೆ, ಬೇಸಿಗೆಯಲ್ಲಿ ಮಕ್ಕಳ ನಾಟಕ ಆಡಿಸುತ್ತಾರೆ. ತಾಲೀಮು ಕೆಲವರದು ರಾತ್ರಿ ಎಂಟರ ಮೇಲೆ, ಕೆಲವರದು ಭಾನುವಾರ ಬೆಳಿಗ್ಗೆ. ಲೆಕ್ಕದ ಪುಸ್ತಕದಲ್ಲಿ ನಟನಿಗೂ ಒಂದು ಮೊತ್ತ ಬರೆಯುವ ತಂಡಗಳು ಒಂದೊಂದಾಗಿ ಕಾಣಿಸುತ್ತಿವೆ. ಸದ್ಯಕ್ಕೆ ಅದು ಬಸ್ ಚಾರ್ಜು, ಊಟದ ಖರ್ಚನ್ನು ದಾಟಿ ಬಹಳ ಮುಂದೆ ಹೋಗಿಲ್ಲ.