ಹಲಸಿನ ಬೀಜದ ಲೆಕ್ಕ

ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದ್ದಾರೆ. ಐದನೆಯ ಕ್ಲಾಸು. ಅಂಗಡಿಯಲ್ಲಿ ಅದರದ್ದೇ ಚಾರ್ಟ್ ಸಿಗುತ್ತದೆ. ದಪ್ಪ ಕಾಂಡದ ಒಂದು ಮರ, ಕೊಂಬೆಗೊಂದು ಚೌಕ. ಕೆಳಗೆ ‘ನಾನು’, ಅದರ ಮೇಲೆ ‘ತಂದೆ’, ಮೇಲೆ ‘ಅಜ್ಜ’, ತುದಿಯಲ್ಲಿ ‘ಮುತ್ತಜ್ಜ’. ತಾಯಿಗೂ ಪಕ್ಕದಲ್ಲಿ ಒಂದು ಚೌಕ ಕೊಟ್ಟಿದ್ದಾರೆ, ಆ ಕೊಂಬೆ ಅಲ್ಲಿಗೇ ಮುಗಿಯುತ್ತದೆ. ಮುತ್ತಜ್ಜನ ಹೆಸರು ನನಗೆ ಗೊತ್ತಿಲ್ಲ. ಕಳೆದ ಭಾನುವಾರ ಚಾರ್ಟನ್ನು ಸುರುಳಿ ಸುತ್ತಿ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹೊದೆಸಿ, ಪಡುಕೆರೆಗೆ ಚಿಕ್ಕಜ್ಜಿಯ ಹತ್ತಿರ ಹೋದೆವು.

ಚಿಕ್ಕಜ್ಜಿ ಎಂದರೆ ನನ್ನ ಅಮ್ಮನ ಅಮ್ಮನ ತಂಗಿ. ಆಧಾರ್ ಕಾರ್ಡಿನ ಪ್ರಕಾರ ಅವಳು ಹುಟ್ಟಿದ್ದು ಜನವರಿ 1ಕ್ಕೆ. ಅವಳ ಓರಗೆಯ ಅರ್ಧ ಊರು ಹುಟ್ಟಿದ್ದು ಜನವರಿ 1ಕ್ಕೇ. ಇದೀಗ ಬೋಟುಗಳಿಗೆ ರಜೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗೆ ಇಳಿಯುವಂತಿಲ್ಲ. ಮಲ್ಪೆ ಬಂದರಿನಲ್ಲಿ ಅವು ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತಿವೆ. ಚಿಕ್ಕಜ್ಜಿ ಚಾವಡಿಯಲ್ಲಿ ಕಾಲು ಚಾಚಿ ಹಲಸಿನ ಬೀಜ ಸುಲಿಯುತ್ತಿದ್ದಳು. ಒಣ ಎಟ್ಟಿ, ಅಂದರೆ ಸಿಗಡಿ, ಹಾಕಿ ಪದಾರ್ಥ ಮಾಡಲಿಕ್ಕೆ. ಬಗ್ಗಿ ಕುಳಿತವಳ ನೆತ್ತಿ ಕಾಣುತ್ತಿತ್ತು. ಅಲ್ಲಿ ಅಂಗೈಯಗಲ ಕೂದಲಿಲ್ಲ. ಸಿಂಬಿಯ ಮೇಲೆ ಮೀನಿನ ಬುಟ್ಟಿ ಹೊತ್ತು ನಲವತ್ತು ವರ್ಷ ಮನೆಮನೆ ತಿರುಗಿದ ಜಾಗ ಅದು.

ಚಾರ್ಟ್ ಬಿಡಿಸಿ ತೋರಿಸಿದೆವು. ಅವಳಿಗೆ ಓದು ಬಾರದು. ಆದರೆ ಕೇಳುತ್ತಿರುವುದು ಏನೆಂದು ಕೂಡಲೇ ತಿಳಿಯಿತು. ಅಂಗೈಯಿಂದ ನೆಲ ಒರೆಸಿ ಒಂದು ಬೀಜ ಇಟ್ಟಳು. “ಇದು ನನ್ನ ಅಪ್ಪೆ.” ತುಳುವಿನಲ್ಲಿ ಅಪ್ಪೆ ಎಂದರೆ ಅಮ್ಮ. ಅದರ ಮೇಲೊಂದು. “ಇದು ಅಪ್ಪೆಯ ಅಪ್ಪೆ.” ಅದರ ಮೇಲೆ ಮತ್ತೊಂದು. ಹಿಂದೆ ರಂಪಣಿ ಬಲೆ ಎಳೆದ ದಿನ ಹೊಯಿಗೆಯ ಮೇಲೆ ಬಂಗುಡೆಯನ್ನು ಪಾಲು ಹಾಕುತ್ತಿದ್ದರಲ್ಲ, ಆ ಕೈ ಇನ್ನೂ ಹಾಗೇ ಇದೆ. ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬೋಟು ಬಂದ ಮೇಲೆ ರಂಪಣಿ ಹೋಯಿತು, ಹತ್ತಾರು ಜನ ದಡದಲ್ಲಿ ನಿಂತು ಎಳೆಯುವುದೂ ಹೋಯಿತು. ಈಗ ಉಳಿದಿರುವುದು ಸಣ್ಣ ಕೈರಂಪಣಿ.

“ಗಂಡಂದಿರು ಎಲ್ಲಿ ಅಜ್ಜಿ?” ಎಂದು ಕೇಳಿದಳು ಮಗಳು. ಚಿಕ್ಕಜ್ಜಿ ಸುಲಿದು ಬಿಸಾಕಿದ್ದ ಬಿಳಿ ಸಿಪ್ಪೆ ಹೆಕ್ಕಿ, ಒಂದೊಂದು ಬೀಜದ ಪಕ್ಕಕ್ಕೆ ಒಂದೊಂದನ್ನು ಇಟ್ಟಳು. ಅಷ್ಟರಲ್ಲಿ ಗಾಳಿಗೆ ಎರಡು ಹಾರಿಹೋದವು. ಅವನ್ನು ಯಾರೂ ಹುಡುಕಲಿಲ್ಲ.

ತುದಿಯ ಬೀಜ ಕೋಡಿ ಕಡೆಯವಳಂತೆ. ಸೀತಾನದಿಯ ಆಚೆ, ತುಳು ಬಿಟ್ಟು ಕುಂದಗನ್ನಡ ಸುರುವಾಗುವ ಕಡೆ. ಕಡಲು ಮನೆ ತಿಂದಿತು, ಮಕ್ಕಳನ್ನು ಕಟ್ಟಿಕೊಂಡು ದೋಣಿಯಲ್ಲಿ ಇತ್ತ ಬಂದಳು. ಯಾವ ಇಸವಿ ಎಂದು ಕೇಳುವ ಹಾಗಿಲ್ಲ, ‘ಕಡಲು ಬಂದ ವರ್ಷ’ ಅಷ್ಟೇ. ಮಾತು ಬದಲಾಯಿತು, ಕುಲಕ್ಕೆ ಅಲ್ಲಿ ‘ಬಳಿ’ ಎನ್ನುತ್ತಿದ್ದದ್ದು ಇಲ್ಲಿ ‘ಬರಿ’ ಆಯಿತು, ಬರಿ ಮಾತ್ರ ಬದಲಾಗಲಿಲ್ಲ. ಹೆಸರುಗಳೂ ಹಾಗೆಯೇ. ಅಜ್ಜಿಯ ಹೆಸರು ಮೊಮ್ಮಗಳಿಗೆ, ಅವಳದ್ದು ಅವಳ ಮೊಮ್ಮಗಳಿಗೆ. ಅಷ್ಟು ಬೀಜಕ್ಕೂ ಇದ್ದದ್ದು ಎರಡೇ ಹೆಸರು.

ಹಿಂದೊಮ್ಮೆ ಇದನ್ನೇ ನಾನು ಕಾಗದದಲ್ಲಿ ಹುಡುಕಲು ಹೋಗಿ ಸುಸ್ತಾಗಿದ್ದೆ. ಪಹಣಿ, ಶಾಲೆಯ ಸರ್ಟಿಫಿಕೇಟು, ಬೊಂಬಾಯಿಯಿಂದ ಬಂದ ಹಳೆಯ ಮನಿಯಾರ್ಡರ್ ರಶೀದಿ. ಒಂದೊಂದರಲ್ಲಿ ಒಂದೊಂದು ಅಡ್ಡಹೆಸರು. ಕರಾವಳಿಯವರಿಗೆ ಇದು ಹೊಸತಲ್ಲ. ಕರ್ಕೇರ, ಕುಂದರ್, ಸಾಲ್ಯಾನ್ ಇವೆಲ್ಲ ಮೂಲದಲ್ಲಿ ಬರಿಯ ಹೆಸರುಗಳು. ಬರಿ ತಾಯಿಯಿಂದ ಬರುತ್ತದೆ, ಒಂದೇ ಬರಿಯೊಳಗೆ ಮದುವೆ ಇಲ್ಲ. ಅಮ್ಮನ ಸೋದರಮಾವ ಬೊಂಬಾಯಿಗೆ ಹೋದಾಗ ತಾಯಿಯ ಬರಿಯನ್ನೇ ಅಡ್ಡಹೆಸರಾಗಿಟ್ಟು ಕರ್ಕೇರ ಎನಿಸಿಕೊಂಡರು. ನಮ್ಮವರು 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡ ಊರು ಅದು, ಅಲ್ಲಿ ಹೋದರೆ ಯಾರಾದರೊಬ್ಬರು ಗುರುತು ಹಿಡಿಯುತ್ತಿದ್ದರು. ಆದರೆ ನನ್ನನ್ನು ಒಂದನೆಯ ಕ್ಲಾಸಿಗೆ ಸೇರಿಸುವಾಗ ಮಾಸ್ಟ್ರು ಕೇಳಿದ್ದು ತಂದೆಯ ಹೆಸರು. ನಾನು ಕುಂದರ್ ಆದೆ. ರಿಜಿಸ್ಟರಿನಲ್ಲಿ ಕುಂದರ್, ಬರಿಯಲ್ಲಿ ಕರ್ಕೇರ. ಒಂದೇ ಹೊಟ್ಟೆಯ ಸಂತಾನ ಕಾಗದದ ಮೇಲೆ ಮೂರು ಮನೆಯವರಂತೆ ಕಾಣುವುದು ಹೀಗೆ. ಕಾನೂನು ಕೂಡ ಬದಲಾಯಿತು. ಒಟ್ಟು ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು 1949ರ ಅಳಿಯಸಂತಾನ ಕಾಯ್ದೆ ದಾರಿ ಮಾಡಿತು, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಒಬ್ಬ ಹೆಂಗಸಿನ ಸಂತತಿಗೆ ‘ಕವರು’ ಎಂದೊಂದು ಚಂದದ ಮಾತಿತ್ತು. ಈಗ ಅದು ಕೋರ್ಟಿನ ಕಟ್ಟುಗಳಲ್ಲಿ ಮಾತ್ರ ಬದುಕಿದೆ.

ತಾಯಿಯ ಕಡೆಯಿಂದ ಎಣಿಸುವ ಈ ಕಟ್ಟಿಗೆಲ್ಲ ಮೂಲ ಬಾರಕೂರು ಎನ್ನುವ ಕತೆ ನಿಮಗೂ ಗೊತ್ತು. ಪಾಂಡ್ಯರಾಜನ ಹಡಗು ನೀರಿಗಿಳಿಯಬೇಕಿತ್ತು, ಕುಂಡೋದರ ಭೂತ ನರಬಲಿ ಕೇಳಿತು. ಹೆಂಡತಿ ತನ್ನ ಮಕ್ಕಳನ್ನು ಕೊಡೆನೆಂದಳು. ತಂಗಿ ತನ್ನ ಮಗನನ್ನು ಕೊಟ್ಟಳು. ಭೂತ ಹುಡುಗನನ್ನು ಬಿಟ್ಟಿತು, ಅವನೇ ಭೂತಾಳ ಪಾಂಡ್ಯನಾದ, ಆಸ್ತಿ ಅಳಿಯನಿಗೆ ಹೋಯಿತು. ಚರಿತ್ರೆ ಬಲ್ಲವರು ಇದನ್ನು ಒಪ್ಪುವುದಿಲ್ಲ, ಇರಲಿ. ನನಗೆ ಯಾವಾಗಲೂ ಕಾಡುವುದು ಮಗನನ್ನು ಕೊಡೆನೆಂದ ಆ ಹೆಂಡತಿ. ತಾಯಿಯೊಬ್ಬಳು ಮಾಡಬೇಕಾದ್ದನ್ನೇ ಮಾಡಿದ ಅವಳು ಕತೆಯಲ್ಲಿ ಸೋತವಳು. ಮೀನುಗಾರರ ಮನೆಯಲ್ಲಿ ಈ ಕತೆ ಬೇರೆ ತರಹ ಕೇಳಿಸುತ್ತದೋ ಏನೋ. ಕಡಲಿಗೆ ಹೋದವನು ಬರುತ್ತಾನೋ ಇಲ್ಲವೋ, ಮನೆಯಲ್ಲಿ ಉಳಿಯುವವಳು ಅವನ ತಾಯಿ, ಅವನ ಅಕ್ಕ. ಹಾಗೆಂದು ಇದೇ ಕಾರಣ ಎನ್ನಲಾರೆ, ಹೊಲ ಉಳುವವರಲ್ಲೂ ಇದೇ ಕಟ್ಟು ಇತ್ತಲ್ಲ.

ಬೀಜದ ಸಾಲು ಕೆಳಗಿಳಿಯುತ್ತಾ ಬಂತು. ಅಜ್ಜಿ, ಅಜ್ಜಿಯ ಪಕ್ಕದಲ್ಲಿ ತಾನು, ಕೆಳಗೆ ನನ್ನ ಅಮ್ಮ. ಕೊನೆಗೆ ಒಂದು ಸಣ್ಣ ಬೀಜ ಆರಿಸಿ, “ಇದು ನೀನು” ಎಂದು ನನ್ನ ಮುಖ ನೋಡಿದಳು. ಆಮೇಲೆ ಕೈ ಒರೆಸಿಕೊಂಡಳು.

ಮಗಳು ಕಾದಳು. “ನಾನು?”

“ನೀನು ಇಲ್ಲಿ ಬರುವುದಿಲ್ಲ ಮಗಾ. ನೀನು ನಿನ್ನ ಅಪ್ಪೆಯ ಕಡೆಯವಳು.”

ಮಗಳ ಮುಖ ಸಣ್ಣದಾಯಿತು. ಅವಳ ಮೂಗು ಚಿಕ್ಕಜ್ಜಿಯದ್ದೇ ಅಚ್ಚು, ಎಲ್ಲರೂ ಹೇಳುತ್ತಾರೆ. ಚಾರ್ಟಿನಲ್ಲಿ ಅವಳದ್ದೇ ದೊಡ್ಡ ಚೌಕ, ಚಿಕ್ಕಜ್ಜಿಗೆ ಜಾಗವಿಲ್ಲ. ನೆಲದ ಮೇಲೆ ಚಿಕ್ಕಜ್ಜಿ ಇದ್ದಾಳೆ, ಇವಳಿಲ್ಲ. ಎರಡರಲ್ಲೂ ಇರುವವನು ನಾನೊಬ್ಬ. ಅದೂ ಒಂದರಲ್ಲಿ ಕುಂದರ್, ಇನ್ನೊಂದರಲ್ಲಿ ಕರ್ಕೇರ.

ಚಿಕ್ಕಜ್ಜಿಗೆ ಪಾಪ ಅನಿಸಿರಬೇಕು. ಹೊಸ ಬೀಜವೊಂದನ್ನು ತೆಗೆದು ಸಾಲಿನಿಂದ ಒಂದು ಗೇಣು ದೂರ ಇಟ್ಟು, “ನಿನ್ನದು ಇಲ್ಲಿಂದ ಸುರು. ನಿನ್ನ ಅಪ್ಪೆಯ ಬರಿ ಓವು?” ಎಂದು ಕೇಳಿದಳು. ಮಗಳು ನನ್ನನ್ನು ನೋಡಿದಳು. ನಾನು ಸಾಲ್ಯಾನ್ ಎನ್ನಲು ಬಾಯಿ ತೆರೆದು ನಿಲ್ಲಿಸಿದೆ. ಹೆಂಡತಿಯ ಕಾಗದದಲ್ಲಿ ಸಾಲ್ಯಾನ್ ಎಂದಿದೆ, ಸರಿ. ಆದರೆ ಅದು ನನ್ನ ಮಾವನದ್ದು. ಬರಿ ಅತ್ತೆಯದ್ದು. ಮದುವೆಯ ಮಾತುಕತೆಯ ದಿನ ಹಿರಿಯರು ವಿಚಾರಿಸಿಯೇ ಎಲೆಯಡಿಕೆ ಹಿಡಿದದ್ದು. ನಾನು ಆ ದಿನ ಬೇರೇನೋ ನೋಡುತ್ತಿದ್ದೆ.

ಹೆಂಡತಿ ಒಳಗೆ ತೆಂಗಿನಕಾಯಿ ತುರಿಯುತ್ತಿದ್ದಳು. ಅವಳಿಗೂ ಸರಿಯಾಗಿ ನೆನಪಿಲ್ಲ. ಕೈ ತೊಳೆದು ಬಂದು ತಾಯಿಗೆ ಫೋನ್ ಹಚ್ಚಿದಳು, ಸ್ಪೀಕರ್‌ಗೆ ಹಾಕಿದಳು. ಚಿಕ್ಕಜ್ಜಿ ಅಷ್ಟರಲ್ಲಿ ಸಾಲಿನ ಬೀಜಗಳನ್ನೆಲ್ಲ ಗುಡಿಸಿ ಪಾತ್ರೆಗೆ ಹಾಕಿಕೊಂಡಾಗಿತ್ತು, ಪದಾರ್ಥಕ್ಕೆ ತಡವಾಗುತ್ತದೆಂದು. ದೂರ ಇಟ್ಟ ಆ ಒಂದು ಬೀಜವನ್ನು ಮಗಳು ಬೆರಳಿನಿಂದ ಒತ್ತಿ ಹಿಡಿದಿದ್ದಳು.

“ಅಮ್ಮಾ, ನಮ್ಮ ಬರಿ ಯಾವುದು?”

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಅತ್ತೆಯ ದನಿ ಖುಷಿಯಿಂದ ಏರಿತು. “ಯಾಕೆ, ಯಾರಿಗೆ ಹುಡುಗ ನೋಡ್ತಿದ್ದೀರಿ?”